ನಾನೇ ಅಂಟಿಸಿದ ನಾನೂರೈವತ್ತು ವ್ಯಾಟ್

ಮಾಟುಂಗದ ನಮ್ಮ ಕನ್ನಡ ಸಂಘದವರು ಪತ್ರಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಕೇಳಿದಾಗ ಮೊದಲು ಸಂತೋಷವೇ ಆಯಿತು. ಕಂಪ್ಯೂಟರ್ ರಿಪೇರಿಗೆ ಇಳಿಯುವ ಹುಡುಗ ಹುಡುಗಿಯರಿಗೆ ದಾರಿ ತೋರಿಸುವಂಥದ್ದು ಬೇಕು, ನಿಮಗೆ ಮೂವತ್ತು ವರ್ಷದ ಅನುಭವವಿದೆ ಎಂದರು. ಮಾದರಿಗೆ ಹಿಂದಿನ ಎರಡು ಸಂಚಿಕೆಗಳನ್ನೂ ಕೈಗಿಟ್ಟರು. ಲೋಕಲ್ ರೈಲಿನಲ್ಲಿ ನನ್ನ ಮನೆಯಿರುವ ಭಾಂಡುಪ್ ಮುಟ್ಟುವಷ್ಟರಲ್ಲಿ ಎರಡನ್ನೂ ಓದಿ ಮುಗಿಸಿದೆ. ಓದಿ ಮೈ ಉರಿಯಿತು. ಅದರಲ್ಲಿ ಬರೆದವರೆಲ್ಲ ಬರಿಗೈಯಲ್ಲಿ ಮುಂಬಯಿಗೆ ಬಂದು, ಪ್ರಾಮಾಣಿಕವಾಗಿ ದುಡಿದು, ಮೇಲೆ ಬಂದು, ಕೊನೆಗೆ ಶಾಲು ಹೊದ್ದು ಫೋಟೋ ತೆಗೆಸಿಕೊಂಡವರು. ಒಬ್ಬರೂ ಒಂದು ತಪ್ಪು ಮಾಡಿದವರಲ್ಲ. ಹೀಗಿದ್ದರೆ ಈ ಊರಿನಲ್ಲಿ ಕೆಟ್ಟ ಕೆಲಸವನ್ನೆಲ್ಲ ಯಾರು ಮಾಡಿದರು ಎಂದು ಕೇಳಬೇಕೆನಿಸಿತು.

ನಾನು ಮಾಡಿದ್ದೇನೆ. ಅದನ್ನೇ ಬರೆಯುತ್ತೇನೆ, ಅಚ್ಚು ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು.

ನಾನು ಇಂಡಿ ತಾಲೂಕಿನವನು, ಹೆಸರು ಬಸವರಾಜ, ಕರೆಯುವುದು ಬಸಣ್ಣ. ಮುಂಬಯಿಗೆ ಬಂದು ಮೊದಲು ಟಿ.ವಿ. ರಿಪೇರಿ ಕಲಿತೆ. ಟಿ.ವಿ.ಗಳು ಗೋಡೆಗೆ ಅಂಟಿಕೊಳ್ಳುವಷ್ಟು ತೆಳ್ಳಗಾದ ಮೇಲೆ ಕಂಪ್ಯೂಟರಿಗೆ ಬಂದೆ. ಮುಲುಂಡ್ ಸ್ಟೇಷನ್ನಿನಿಂದ ಹತ್ತು ಹೆಜ್ಜೆಯ ಒಂದು ಅಂಗಡಿಯಲ್ಲಿ ಕೊನೆಯ ತನಕ ಇದ್ದೆ. ಮಾಲೀಕರು ಬೆಳಗಾವಿ ಕಡೆಯ ದೇಸಾಯಿ ಸಾಹೇಬರು. ಮಾತು ಬೆಣ್ಣೆ. ಬೈಯುವಾಗಲೂ ಚಹಾ ತರಿಸಿ ಬೈಯುವ ಮನುಷ್ಯ. ಅವರ ಅಂಗಡಿಯಲ್ಲಿ ಹೊಸ ಕಂಪ್ಯೂಟರ್ ಮಾರಿದ್ದಕ್ಕಿಂತ ಹಳೆಯದಕ್ಕೆ ಜೀವ ತುಂಬಿದ್ದೇ ಹೆಚ್ಚು. ಮುಲುಂಡಿನ ಸೊಸೈಟಿ ಫ್ಲ್ಯಾಟುಗಳಲ್ಲಿ, ಭಾಂಡುಪಿನ ಸಾಲುಮನೆಯ ಚಾಳುಗಳಲ್ಲಿ ಒಮ್ಮೆ ಕೊಂಡ ಕಂಪ್ಯೂಟರನ್ನು ಹತ್ತು ವರ್ಷ ಎಳೆಯುತ್ತಾರೆ. ನಿಧಾನವಾಯಿತು ಅಂದರೆ ಮೆಮರಿ ಹಾಕಿಸುತ್ತಾರೆ, ಮಕ್ಕಳು ಆಟ ಆಡಬೇಕು ಇಲ್ಲವೇ ಮನೆಯ ನಕ್ಷೆ ಬಿಡಿಸಬೇಕು ಅಂದರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸುತ್ತಾರೆ. ನನ್ನ ಆಯುಷ್ಯ ಕಳೆದದ್ದು ಈ ಎರಡರಲ್ಲಿ.

ಗಿರಾಕಿಗಳಿಗೆ ನಾನು ಹೇಳುತ್ತಿದ್ದುದು ಇಷ್ಟೇ. ಹಾರ್ಡ್ ಡಿಸ್ಕ್ ಅಂದರೆ ಮನೆಯ ಅಟ್ಟ, ಮೆಮರಿ ಅಂದರೆ ಅಡುಗೆಯ ಕಟ್ಟೆ. ಅಟ್ಟ ಎಷ್ಟೇ ದೊಡ್ಡದಿರಲಿ, ಕಟ್ಟೆ ಗೇಣುದ್ದ ಇದ್ದರೆ ನಾಲ್ಕು ಜನಕ್ಕೆ ಅಡುಗೆ ಆಗುವುದಿಲ್ಲ. ಈ ಮಾತು ಹೆಂಗಸರಿಗೆ ಕೂಡಲೇ ತಿಳಿಯುತ್ತಿತ್ತು. ಗಂಡಸರು ಗೂಗಲ್ ಮಾಡಿ ನೋಡುತ್ತೇನೆ ಅನ್ನುತ್ತಿದ್ದರು.

ಭಾಂಡುಪಿನ ಒಂದು ಚಾಳಿನಲ್ಲಿ ಟ್ಯೂಷನ್ ಹೇಳುವ ಒಬ್ಬ ಬಾಯಿ, ಅಂದರೆ ಟೀಚರಮ್ಮ, ಇದ್ದರು. ಅವರ ಕಂಪ್ಯೂಟರ್ ಚಾಲೂ ಮಾಡಿದರೆ ಮೂರು ಸಲ ಕೂಗಿ ಸುಮ್ಮನಾಗುತ್ತಿತ್ತು. ಆ ಕೂಗು ನಮಗೆ ನಾಡಿ ಇದ್ದ ಹಾಗೆ, ಕೇಳಿದ ಕೂಡಲೇ ಮೆಮರಿಯ ತೊಂದರೆ ಎಂದು ಗೊತ್ತಾಯಿತು. ಮೆಮರಿ ಪಟ್ಟಿಯ ಅಂಚಿನಲ್ಲಿ ಹಳದಿ ಹಲ್ಲುಗಳಿರುತ್ತವೆ. ಮುಂಬಯಿಯ ತೇವದ ಹವೆಗೆ ಅವು ಮಸಕಾಗುತ್ತವೆ. ಮಕ್ಕಳ ಕಂಪಾಸ್ ಪೆಟ್ಟಿಗೆಯಿಂದ ಒಂದು ರಬ್ಬರ್ ಇಸಿದುಕೊಂಡು ಆ ಹಲ್ಲುಗಳನ್ನು ತಿಕ್ಕಿದೆ, ಮತ್ತೆ ಸಿಕ್ಕಿಸಿದೆ, ಕಂಪ್ಯೂಟರ್ ಎದ್ದು ಕೂತಿತು. ಬಾಯಿ ಖುಷಿಯಾಗಿ ಚಹಾ ಕೊಟ್ಟರು. ನಾನೂ ಖುಷಿಯಿಂದ ಅಂಗಡಿಗೆ ಬಂದು ಹೇಳಿದೆ.

ದೇಸಾಯಿ ಸಾಹೇಬರು ಚಹಾ ತರಿಸಿದರು.

"ಬಸಣ್ಣಾ, ಗಿರಾಕಿ ಮುಂದ ರಬ್ಬರ್ ತಿಕ್ಕಿದೇನು? ರಬ್ಬರ್ ಅವರ ಮನ್ಯಾಗೂ ಅದ. ನಾಳಿಗೆ ಅವರಿಗೆ ನಮ್ಮ ಅಂಗಡಿ ಯಾಕ ಬೇಕು?"

ಅಂದಿನಿಂದ ಅಪ್ಪಣೆಯಾಯಿತು. ಇಂಥ ತೊಂದರೆ ಕಂಡರೆ ಅಲ್ಲಿ ಬಿಚ್ಚಬಾರದು, ಕಂಪ್ಯೂಟರಿನ ಡಬ್ಬಿಯನ್ನು ಅಂಗಡಿಗೆ ತರಬೇಕು, ಎರಡು ದಿನ ಇಟ್ಟುಕೊಳ್ಳಬೇಕು, ಮೆಮರಿ ಹೋಗಿತ್ತು, ಹೊಸದು ಹಾಕಿದ್ದೇವೆ ಎಂದು ಬಿಲ್ಲು ಮಾಡಿ ವಾಪಸು ಕಳಿಸಬೇಕು. ನಾನು ತಲೆ ಆಡಿಸಿದೆ. ಹೊಟ್ಟೆಯ ಪಾಡು ಎಂದು ಈಗ ಹೇಳಬಹುದು. ಆದರೆ ಆಗ ಅಷ್ಟೇನೂ ನೋವಾಗಲಿಲ್ಲ ಎಂಬುದೇ ನನಗೆ ಇವತ್ತು ಸಿಟ್ಟು ತರಿಸುವ ಸಂಗತಿ. ಒಂದು ವಾರ ಕಸಿವಿಸಿ, ಆಮೇಲೆ ರೂಢಿಯಾಯಿತು.

ಇನ್ನೊಂದು ಸಲ ಮುಲುಂಡಿನ ಒಬ್ಬ ಕಾಲೇಜು ವಿದ್ಯಾರ್ಥಿ ಯಾವುದೋ ವಿಡಿಯೋ ನೋಡಿ ಗ್ರಾಫಿಕ್ಸ್ ಕಾರ್ಡ್ ತಾನೇ ತರಿಸಿ ನನ್ನನ್ನು ಕರೆದ. ಕಾರ್ಡು ಡಬ್ಬಿಗಿಂತ ಎರಡು ಬೆರಳು ಉದ್ದ. ಅಳತೆ ಮಾಡದೆ ತರಿಸಿದ್ದಕ್ಕೆ ಅವನನ್ನು ಬೈದೆ. ಆಮೇಲೆ ಅವನಿಗಿಂತ ದೊಡ್ಡ ದಡ್ಡತನ ನಾನು ಮಾಡಿದೆ. ಒಳಗಿನ ಹಾರ್ಡ್ ಡಿಸ್ಕ್ ಇಡುವ ತಗಡಿನ ಗೂಡನ್ನು ಗರಗಸದ ಬ್ಲೇಡಿನಿಂದ ಕೊಯ್ದೆ, ಮದರ್‌ಬೋರ್ಡನ್ನು ಹೊರಗೆ ತೆಗೆಯದೆ. ತಗಡಿನ ಪುಡಿ ಬೋರ್ಡಿನ ಮೇಲೆ ಬಿದ್ದದ್ದು ಕಾಣಲಿಲ್ಲ. ಸ್ವಿಚ್ ಒತ್ತಿದಾಗ ಚಟ್ ಎಂದಿತು, ಅಷ್ಟೇ. ಆ ಹುಡುಗನ ತಾಯಿ ಅಡುಗೆಮನೆಯಿಂದ ಓಡಿ ಬಂದು ಏನಾಯಿತು ಎಂದು ಕೇಳಿದರು. ನನ್ನ ಬಾಯಿಯಿಂದ ತಾನಾಗಿಯೇ ಬಂತು, ವೋಲ್ಟೇಜ್.

ಈ ಶಬ್ದದ ಬಗ್ಗೆ ಹೇಳಲೇಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಧಂದೆಯಲ್ಲಿ ಆ ನೆಲಕ್ಕೆ ವೋಲ್ಟೇಜ್ ಎಂದು ಹೆಸರು. ನಾವು ರಿಪೇರಿ ಮಾಡಿಕೊಟ್ಟದ್ದು ಎಂಟು ದಿನಕ್ಕೆ ಕೆಟ್ಟರೆ ವೋಲ್ಟೇಜ್. ಹಾಕಿದ ಮಾಲು ಕಳಪೆಯಾದರೆ ವೋಲ್ಟೇಜ್. ಕೈ ತಪ್ಪಿ ಸುಟ್ಟರೂ ವೋಲ್ಟೇಜ್. ಅದನ್ನು ಯಾರೂ ಕಣ್ಣಿನಿಂದ ನೋಡಿಲ್ಲ, ಬಂದು ಹೋದದ್ದಕ್ಕೆ ಗುರುತಿಲ್ಲ, ಎದುರು ವಾದಿಸಲು ಅದಕ್ಕೆ ಬಾಯಿಲ್ಲ. ಗಿರಾಕಿ ಹಣೆ ಚಚ್ಚಿಕೊಂಡು ಸುಮ್ಮನಾಗುತ್ತಾನೆ. ಈ ಸುಳ್ಳಿನಿಂದ ಯಾರಿಗೂ ಪೆಟ್ಟು ಬೀಳುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಯಾರಿಗೆ ಬೀಳುತ್ತದೆ ಎಂದು ತಿಳಿಯಲು ನನಗೆ ಮೂವತ್ತು ವರ್ಷ ಬೇಕಾಯಿತು.

ಎಲ್ಲರೂ ಮನೆಯಲ್ಲೇ ಕೂತು ಆಫೀಸು ಕಾಲೇಜು ಎಲ್ಲ ಮಾಡಿದ ಆ ಎರಡು ವರ್ಷ ನಿಮಗೆ ನೆನಪಿರಬೇಕು. ಅಟ್ಟಕ್ಕೆ ಹಾಕಿದ್ದ ಕಂಪ್ಯೂಟರುಗಳೆಲ್ಲ ಕೆಳಗಿಳಿದವು. ನಮಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಆಗ ಒಂದು ದಿನ ಕಟ್ಟಿ ಸರ್ ಫೋನ್ ಮಾಡಿದರು. ಧಾರವಾಡದವರು, ಬ್ಯಾಂಕಿನಿಂದ ನಿವೃತ್ತರಾದವರು, ಮುಲುಂಡಿನಲ್ಲಿ ಏಳು ಮಹಡಿಯ ತಮ್ಮ ಸೊಸೈಟಿಯ ಸೆಕ್ರೆಟರಿ. ಅವರ ಮಗಳು ಶ್ರುತಿ ಮನೆಗಳ ಒಳಾಂಗಣ ವಿನ್ಯಾಸ ಓದುತ್ತಿದ್ದಳು. ಕೊನೆಯ ವರ್ಷದ ಪ್ರಾಜೆಕ್ಟು, ಇಡೀ ಫ್ಲ್ಯಾಟಿನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬಣ್ಣ ಬೆಳಕು ಸಹಿತ ಕಟ್ಟಿ ತೋರಿಸಬೇಕು. ಮನೆಯಲ್ಲಿದ್ದದ್ದು ನಮ್ಮದೇ ಅಂಗಡಿಯಲ್ಲಿ ಆರು ವರ್ಷದ ಹಿಂದೆ ಜೋಡಿಸಿದ ಡಬ್ಬಿ. ಮೆಮರಿ ದುಪ್ಪಟ್ಟು ಮಾಡಿ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಡಿ ಎಂದರು.

ಗ್ರಾಫಿಕ್ಸ್ ಕಾರ್ಡ್ ಅಂದರೆ ಹೊಟ್ಟೆಬಾಕ. ಅದಕ್ಕೆ ಕರೆಂಟು ಬಹಳ ಬೇಕು. ಆ ಕರೆಂಟನ್ನು ಕೊಡುವುದು ಎಸ್‌ಎಂಪಿಎಸ್ ಎಂಬ ತಗಡಿನ ಪೆಟ್ಟಿಗೆ. ಗೋಡೆಯ ಕರೆಂಟನ್ನು ತಗ್ಗಿಸಿ ಒಳಗಿನ ಎಲ್ಲದಕ್ಕೂ ಹಂಚುವುದು ಅದೇ. ಹೊಸ ಕಾರ್ಡ್ ಹಾಕುವ ಮೊದಲು ಆ ಪೆಟ್ಟಿಗೆಗೆ ಅಷ್ಟು ತಾಕತ್ತಿದೆಯೇ ಎಂದು ನೋಡಬೇಕು. ಹಳಬರು ನೋಡುವ ರೀತಿ ಬೇರೆ. ಪೆಟ್ಟಿಗೆ ಬಿಚ್ಚಿ ಕೈಯಲ್ಲಿ ಹಿಡಿದು ತೂಗುತ್ತೇವೆ. ಒಳಗೆ ತಾಮ್ರ ಇದ್ದರೆ ಭಾರ, ಇಲ್ಲದಿದ್ದರೆ ಖಾಲಿ ತರಕಾರಿ ಚೀಲದಷ್ಟೂ ತೂಕವಿಲ್ಲ. ಲೇಬಲ್ ಓದಿ ನಂಬುವವನು ನಮ್ಮಲ್ಲಿ ಕಸುಬುದಾರನೇ ಅಲ್ಲ.

ಅವತ್ತು ನಾನು ಲೇಬಲ್ ಓದಿದೆ. ಇನ್ನೂ ಮೂರು ಮನೆಗೆ ಹೋಗುವುದಿತ್ತು, ಪೆಟ್ಟಿಗೆಗೆ ನಾಲ್ಕು ಸ್ಕ್ರೂ, ಮೂಲೆಯಲ್ಲಿ ಧೂಳು. ಟಾರ್ಚ್ ಹಿಡಿದು ನೋಡಿದೆ, ನಾನೂರೈವತ್ತು ವ್ಯಾಟ್ ಎಂದಿತ್ತು. ಕಾರ್ಡಿಗೆ ಧಾರಾಳವಾಯಿತು. ಕಾರ್ಡಿಗೆ ಬೇಕಾದ ಪಿನ್ನು ಆ ಪೆಟ್ಟಿಗೆಯಲ್ಲಿ ಇರಲೇ ಇಲ್ಲ. ಪಿನ್ನು ಇಲ್ಲ ಅಂದರೆ ಇದು ನನ್ನ ಕೆಲಸವಲ್ಲ ಎಂದು ಪೆಟ್ಟಿಗೆಯೇ ಹೇಳಿದ ಹಾಗೆ. ನಾನು ಚೀಲದಿಂದ ಒಂದು ಜೋಡಿಸುವ ವೈರು ತೆಗೆದು ಬೇರೆ ಪಿನ್ನಿನಿಂದ ಎಳೆದುಕೊಟ್ಟೆ. ಶ್ರುತಿಯ ನಕ್ಷೆ ಪರದೆಯ ಮೇಲೆ ಗರಗರ ತಿರುಗಿತು. ಅವಳು ಕುಣಿದಾಡಿದಳು.

ಹನ್ನೊಂದನೆಯ ದಿನ ಕಟ್ಟಿ ಸರ್ ಮತ್ತೆ ಫೋನ್ ಮಾಡಿದರು. ನಕ್ಷೆಯ ಕೊನೆಯ ಚಿತ್ರಗಳನ್ನು ತಯಾರಿಸುತ್ತಿರುವಾಗ ಢಂ ಎಂದು ಸದ್ದಾಗಿ ಹೊಗೆ ಬಂದಿತ್ತು. ಡಬ್ಬಿ ಅಂಗಡಿಗೆ ತಂದು ಬಿಚ್ಚಿದೆ. ಎಸ್‌ಎಂಪಿಎಸ್ ಸಿಡಿದು ತಾನು ಹೋಗಿದ್ದಲ್ಲದೆ ಬೋರ್ಡನ್ನೂ, ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಗಿತ್ತು. ಪ್ರಾಜೆಕ್ಟು ಅದರಲ್ಲೇ ಇತ್ತು. ಪೆಟ್ಟಿಗೆಯನ್ನು ಹೊರಗೆ ತೆಗೆದು ಕೈಯಲ್ಲಿ ಹಿಡಿದೆ. ಹೂವಿನ ಹಾಗೆ ಹಗುರ. ತಿರುಗಿಸಿದೆ. ಲೇಬಲ್ಲಿನ ಕೆಳಗೆ ಕಪ್ಪು ಮಾರ್ಕರಿನಲ್ಲಿ ತಾರೀಖು, ಅದರ ಪಕ್ಕ ನನ್ನದೇ ಸಹಿ.

ಇದನ್ನು ಬಿಡಿಸಿ ಹೇಳುತ್ತೇನೆ. ನಮ್ಮ ಅಂಗಡಿಗೆ ಇಂಥ ಪೆಟ್ಟಿಗೆಗಳು ರಟ್ಟಿನ ಡಬ್ಬದಲ್ಲಿ ಬೆತ್ತಲೆ ಬರುತ್ತಿದ್ದವು, ಮೇಲೆ ಹೆಸರಿಲ್ಲ ದೆಸೆಯಿಲ್ಲ. ಲೇಬಲ್ಲಿನ ಹಾಳೆ ಬೇರೆ ಬರುತ್ತಿತ್ತು. ನಾನೂರು, ನಾನೂರೈವತ್ತು, ಐನೂರು, ಎಲ್ಲ ಒಂದೇ ಹಾಳೆಯಲ್ಲಿ. ಗಿರಾಕಿ ಎಷ್ಟು ಕೇಳುತ್ತಾನೋ ಅಷ್ಟನ್ನು ಹಚ್ಚು ಎಂಬುದು ಸಾಹೇಬರ ಮಾತು. ಹಚ್ಚುವ ಕೆಲಸ ನನ್ನದು. ನೆಟ್ಟಗೆ, ಗುಳ್ಳೆ ಬಾರದ ಹಾಗೆ ಹಚ್ಚುತ್ತಿದ್ದೆ, ಅದರ ಬಗ್ಗೆ ಹೆಮ್ಮೆಯೂ ಇತ್ತು. ವಾರಂಟಿಗೆಂದು ಕೆಳಗೆ ಸಹಿ ಹಾಕುತ್ತಿದ್ದೆ. ಆರು ವರ್ಷದ ಹಿಂದೆ ನಾನೇ ಅಂಟಿಸಿದ ಸುಳ್ಳನ್ನು ಆರು ವರ್ಷದ ಮೇಲೆ ನಾನೇ ಟಾರ್ಚ್ ಹಿಡಿದು ಓದಿ ನಂಬಿದ್ದೆ. ಬೇರೆ ಯಾರಾದರೂ ಮೋಸ ಮಾಡಿದ್ದರೆ ಜಗಳ ಆಡಬಹುದಿತ್ತು.

ಸಾಹೇಬರಿಗೆ ತೋರಿಸಿದೆ. ಅವರು ಸಹಿಯನ್ನು ನೋಡಿದರು, ಚಹಾ ತರಿಸಲಿಲ್ಲ. ರಿಪೇರಿಯ ವಿವರ ಬರೆದು ಗಿರಾಕಿಗೆ ಕೊಡುವ ಜಾಬ್ ಕಾರ್ಡಿನಲ್ಲಿ ವೋಲ್ಟೇಜ್ ಎಂದು ಬರೆ ಅಂದರು. ಬರೆದೆ. ಹೆಚ್ಚಿನ ವೋಲ್ಟೇಜಿನಿಂದ ಹಾನಿ ಎಂದು ಬರೆದು ಕೆಳಗೆ ಸಹಿ ಹಾಕಿದೆ. ಅದೇ ಸಹಿ.

ಡಬ್ಬಿ ವಾಪಸು ಕೊಡಲು ಹೋದಾಗ ಶ್ರುತಿ ಅತ್ತು ಮುಖ ಊದಿಸಿಕೊಂಡಿದ್ದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡುವಾಗ ಅರ್ಧ ಹಿಂದಿ. "ಅಂಕಲ್, ಸೇಮ್ ಸ್ವಿಚ್‌ಬೋರ್ಡ್ ಮೇ ಮಾನಿಟರ್ ಭೀ ಇತ್ತಲ್ಲ," ಅಂದಳು. "ವೋಲ್ಟೇಜ್ ಆಗಿದ್ರ ಅದು ಕೈಸೇ ಬಚ್ ಗಯಾ?"

ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಮೂವತ್ತು ವರ್ಷದಲ್ಲಿ ಯಾವ ಗಿರಾಕಿಯೂ ಕೇಳಿರಲಿಲ್ಲ. ಮಾನಿಟರ್ ಸುಖವಾಗಿತ್ತು, ಫ್ರಿಜ್ ಸುಖವಾಗಿತ್ತು, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ನಾನು ಏನೋ ನಾಲ್ಕು ಇಂಗ್ಲಿಷ್ ಶಬ್ದ ಸೇರಿಸಿ ಅವಳ ಬಾಯಿ ಮುಚ್ಚಿಸಿದೆ. ಕಲಿಯುವ ಹುಡುಗಿ, ಸರಿಯಾಗಿ ಯೋಚಿಸಿದ್ದಳು. ನೀನು ತಪ್ಪು ಎಂದು ಅವಳಿಗೆ ಹೇಳಿ ಬಂದೆ. ಕಟ್ಟಿ ಸರ್ ಜಾಬ್ ಕಾರ್ಡನ್ನು ಎರಡು ಸಲ ಓದಿ, ಮಡಚಿ, ಸೊಸೈಟಿಯ ಫೈಲಿನಲ್ಲಿ ಇಟ್ಟರು. ಯಾಕೆ ಎಂದು ನಾನು ಕೇಳಲಿಲ್ಲ.

ಕೇಳಬೇಕಿತ್ತು. ಆ ಸೊಸೈಟಿಯ ವೈರಿಂಗ್ ಎಲ್ಲ ನೋಡಿಕೊಳ್ಳುತ್ತಿದ್ದವನು ಸಿದ್ರಾಮ. ಸಿಂದಗಿ ಕಡೆಯವನು. ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಹೊರಲು ಬಂದು, ಅಲ್ಲೇ ವೈರ್‌ಮನ್ ಕೆಲಸ ಕಲಿತು, ಹದಿನಾಲ್ಕು ವರ್ಷದಿಂದ ಅದೇ ಸೊಸೈಟಿಗೆ ಕಾಯಂ ಇದ್ದವನು. ಭಾಂಡುಪಿನ ಗುಡ್ಡದ ಮೇಲೆ ಮನೆ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ನನಗಿಂತ ಹತ್ತು ವರ್ಷ ಚಿಕ್ಕವನಾದರೂ ಸಲಿಗೆಯಿಂದ ನೀನು ಅನ್ನುತ್ತಿದ್ದ. ಎಷ್ಟೋ ಸಂಜೆ ಇಬ್ಬರೂ ಒಂದೇ ಲೋಕಲ್‌ನಲ್ಲಿ ನಿಂತು ಭಾಂಡುಪಿಗೆ ಬಂದಿದ್ದೇವೆ. ಸೊಸೈಟಿಯ ಕಮಿಟಿ ನನ್ನ ಕಾಗದವನ್ನು ಓದಿ, ಮೀಟರ್ ರೂಮಿನ ವೈರಿಂಗಿನಲ್ಲೇ ದೋಷ, ಅದರಿಂದಲೇ ವೋಲ್ಟೇಜ್ ಏರಿದೆ ಎಂದು ತೀರ್ಮಾನಿಸಿ ಅವನನ್ನು ಕೆಲಸದಿಂದ ತೆಗೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆಯನ್ನು ನಾನು ಸಾವಿರ ಸಲ ಆಡಿದ್ದೇನೆ. ಬರೆ ಎಳೆಯುವ ಕಬ್ಬಿಣ ಕಾಯಿಸಿಕೊಟ್ಟದ್ದು ಮಾತ್ರ ಅದೇ ಮೊದಲು.

ನನಗೆ ಇದು ತಿಳಿದದ್ದು ಮೂರು ವಾರದ ಮೇಲೆ, ಅವನಿಂದಲೇ. ಮಧ್ಯಾಹ್ನ ಅಂಗಡಿಗೆ ಬಂದ. ಗಡ್ಡ ಬೆಳೆದಿತ್ತು. ಜಗಳಕ್ಕೆ ಬಂದನೆಂದು ನಾನು ಎದ್ದು ನಿಂತೆ. ಅವನು ಚೀಲದಿಂದ ಒಂದು ಶಾಲೆಯ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟ. ಕೆಲಸ ಹೋಗುವ ಮೊದಲು ಮೂರು ದಿನ ಮೀಟರ್ ರೂಮಿನಲ್ಲಿ ಕೂತು, ಇಪ್ಪತ್ತೆಂಟು ಫ್ಲ್ಯಾಟುಗಳ ಲೈನನ್ನು ಬೆಳಿಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ ಅಳೆದು ಪೆನ್ಸಿಲಿನಲ್ಲಿ ಬರೆದಿದ್ದ. ಪ್ರತಿ ಸ್ಕ್ರೂ ಬಿಗಿ ಮಾಡಿದ್ದ.

"ಅಣ್ಣಾ, ನೀ ತಿಳದಾಂವ," ಅಂದ. "ನನ್ನ ತಪ್ಪ ಎಲ್ಲಿ ಐತಿ ಇದರಾಗ ತೋರ್ಸು. ನನಗ ಸಿಗವಲ್ದು. ಇನ್ನೊಂದ ಕಡೆ ಕೆಲಸಕ್ಕ ಕರದಾರ, ಹೋಗಾಕ ಅಂಜಿಕಿ ಬರಾಕತೈತಿ. ಅಲ್ಲೂ ಹಿಂಗ ಆದ್ರ? ಯಾರರೆ ಸತ್ರ?"

ಬೈದಿದ್ದರೆ ನಾನು ಬೈಸಿಕೊಂಡು ಮನೆಗೆ ಹೋಗಿ ಉಣ್ಣುತ್ತಿದ್ದೆ. ಅವನು ಕಲಿಯಲು ಬಂದಿದ್ದ. ಹದಿನಾಲ್ಕು ವರ್ಷ ಒಂದು ಫ್ಯೂಸನ್ನೂ ತಪ್ಪಾಗಿ ಕಟ್ಟದವನು ನನ್ನ ಒಂದು ಶಬ್ದವನ್ನು ನಂಬಿ ತನ್ನ ಕೈಯನ್ನೇ ಅನುಮಾನಿಸುತ್ತಿದ್ದ. ನೋಟ್‌ಬುಕ್ ತಿರುವಿದೆ. ಎಲ್ಲ ಅಂಕಿಗಳೂ ಇನ್ನೂರ ಮೂವತ್ತರ ಆಸುಪಾಸು, ಸರಿಯಾಗಿದ್ದವು. ಕೌಂಟರಿನ ಹಿಂದೆ ದೇಸಾಯಿ ಸಾಹೇಬರು ಫೋನಿನಲ್ಲಿ ಮಾತಾಡುವಂತೆ ನಟಿಸುತ್ತ ನನ್ನನ್ನೇ ನೋಡುತ್ತಿದ್ದರು. ನನಗೆ ಅವರ ಮೇಲೆ, ಕಟ್ಟಿ ಸರ್ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಗುಜರಿಗೆಂದು ಮೂಲೆಗೆ ಎಸೆದಿದ್ದ ಆ ಸುಟ್ಟ ಪೆಟ್ಟಿಗೆಯನ್ನು ತಂದು ಸಿದ್ರಾಮನ ಕೈಯಲ್ಲಿಟ್ಟೆ. ತೂಗಿ ನೋಡು ಅಂದೆ. ಲೇಬಲ್ ತೋರಿಸಿದೆ, ಸಹಿ ತೋರಿಸಿದೆ, ಎಲ್ಲ ಹೇಳಿದೆ. ನಿನ್ನ ವೈರಿಂಗಿನಲ್ಲಿ ಏನೂ ತಪ್ಪಿಲ್ಲ, ನಾನೇ ಸುಳ್ಳು ಬರೆದೆ ಅಂದೆ. ಅವನು ಬಹಳ ಹೊತ್ತು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಅದನ್ನು ಕೆಳಗಿಟ್ಟು, ನೋಟ್‌ಬುಕ್ ಎತ್ತಿಕೊಂಡು ಇಳಿದು ಹೋದ. ಸಾಹೇಬರು ಫೋನ್ ಕೆಳಗಿಟ್ಟು, ನಾಳೆಯಿಂದ ಬರುವುದು ಬೇಡ ಅಂದರು. ನನ್ನ ನಿವೃತ್ತಿ ಎಂದರೆ ಇದೇ. ಅಂದುಕೊಂಡದ್ದಕ್ಕಿಂತ ಎರಡು ವರ್ಷ ಮೊದಲೇ ಬಂತು.

ಅದೇ ಪೆಟ್ಟಿಗೆ ಹಿಡಿದು ನೆಟ್ಟಗೆ ಕಟ್ಟಿ ಸರ್ ಮನೆಗೆ ಹೋದೆ. ನಿಜ ತಿಳಿದರೆ ಅವರು ಕೂಡಲೇ ಸಿದ್ರಾಮನನ್ನು ಕರೆಸುತ್ತಾರೆ ಎಂದೇ ನಂಬಿದ್ದೆ. ಅವರು ನನ್ನನ್ನು ಬೈದರು, ಬೈಯಲಿ, ಅದು ನನ್ನ ಪಾಲಿನದು. ಆಮೇಲೆ ಕೂತು ಸಮಾಧಾನ ಮಾಡಿಕೊಂಡು ಹೇಳಿದ ಮಾತಿಗೆ ನಾನು ತಯಾರಿರಲಿಲ್ಲ. "ನೋಡ್ರಿ ಬಸವರಾಜ, ಆದದ್ದು ಆಗಿ ಹೋತು. ವೈರಿಂಗ್ ನೋಡ್ಕೊಳ್ಳಲಿಕ್ಕೆ ಹೊಸ ಕಂಪನಿಯವರಿಗೆ ಮಾತು ಕೊಟ್ಟೇವಿ. ಈಗ ಮತ್ತ ಅವನ್ನ ಕರದ್ರ ಕಮಿಟಿ ಮರ್ಯಾದಿ ಏನ ಉಳೀತದ? ಅವನಿಗೇನು, ಎಲ್ಲಿಯಾದ್ರೂ ಕೆಲಸ ಸಿಗ್ತದ."

ಮಗಳ ನಕ್ಷೆ ಹೋದದ್ದಕ್ಕೆ ಮೂರು ವಾರ ಕುದ್ದ ಮನುಷ್ಯ, ಇನ್ನೊಬ್ಬನ ಹೆಣ್ಣುಮಕ್ಕಳ ಊಟದ ಬಗ್ಗೆ ಹೀಗೆ ಹೇಳಿದರು. ಕೆಟ್ಟವರೇನಲ್ಲ. ಸಂಘದ ಕಾರ್ಯಕ್ರಮದಲ್ಲಿ ಮುಂದಿನ ಸಾಲಿನಲ್ಲಿ ಕೂತು ನಮ್ಮವರು ನಮ್ಮವರು ಎಂದು ಭಾಷಣ ಮಾಡಿದವರು. ನಮ್ಮವರು ಅಂದರೆ ಯಾವ ಮಹಡಿಯ ತನಕ ಎಂದು ಅವತ್ತು ತಿಳಿಯಿತು. ಒಳಗಿನ ಕೋಣೆಯ ಬಾಗಿಲಲ್ಲಿ ಶ್ರುತಿ ನಿಂತಿದ್ದಳು. ಅಷ್ಟರಲ್ಲಿ ತೆರೆದಿದ್ದ ಕಾಲೇಜಿನ ಲ್ಯಾಬಿನಲ್ಲಿ ಕೂತು ಎಲ್ಲ ನಕ್ಷೆಗಳನ್ನು ಮತ್ತೆ ಬಿಡಿಸಿದ್ದಳಂತೆ. ಅವಳು ಅಪ್ಪನ ಕಡೆ ಒಮ್ಮೆ ನೋಡಿ, ನನಗೆ ಒಂದು ಬಿಳಿ ಹಾಳೆ ಮತ್ತು ಪೆನ್ನು ತಂದುಕೊಟ್ಟಳು.

ಅದರಲ್ಲಿ ಬರೆದೆ. ಕಂಪ್ಯೂಟರ್ ಸುಟ್ಟದ್ದು ಸೊಸೈಟಿಯ ವೈರಿಂಗಿನಿಂದಲ್ಲ, ನಾನು ಸುಳ್ಳು ಲೇಬಲ್ ಹಚ್ಚಿದ ಕಳಪೆ ಪೆಟ್ಟಿಗೆಯಿಂದ. ವೋಲ್ಟೇಜ್ ಎಂದು ಬರೆದುಕೊಟ್ಟದ್ದೂ ಸುಳ್ಳು. ವೈರ್‌ಮನ್ ಸಿದ್ರಾಮನ ತಪ್ಪು ಏನೂ ಇಲ್ಲ. ನನ್ನ ಪೂರ್ತಿ ಹೆಸರು, ಫೋನ್ ನಂಬರ್, ಸಹಿ. ಶ್ರುತಿ ಅದನ್ನು ಮರಾಠಿಗೆ ಮಾಡಿಕೊಟ್ಟಳು. ಕೆಳಗೆ ಇಳಿದು ಲಿಫ್ಟಿನ ಪಕ್ಕದ ನೋಟೀಸ್ ಬೋರ್ಡಿಗೆ ಎರಡನ್ನೂ ಚುಚ್ಚಿದೆ. ಕಟ್ಟಿ ಸರ್ ಅದನ್ನು ಕಿತ್ತು ಹಾಕಬಹುದಿತ್ತು. ಮಗಳ ಕೈಬರಹ ಅದರಲ್ಲಿದ್ದುದಕ್ಕೋ ಏನೋ, ಕೀಳಲಿಲ್ಲ.

ಮೂರು ದಿನ ನನ್ನ ಫೋನಿಗೆ ಬಿಡುವಿರಲಿಲ್ಲ. ಆ ಏಳು ಮಹಡಿಯ ಅರ್ಧ ಮನೆಗಳ ಕಂಪ್ಯೂಟರನ್ನು ನಾನೇ ರಿಪೇರಿ ಮಾಡಿದ್ದೆ. ನಮ್ಮದರಲ್ಲಿ ಯಾವ ಲೇಬಲ್ ಹಚ್ಚಿದ್ದೀಯ ಎಂದು ಒಬ್ಬೊಬ್ಬರೂ ಕೇಳಿದರು. ಕರೆದವರ ಮನೆಗೆಲ್ಲ ಹೋಗಿ ಬಿಚ್ಚಿ ತೋರಿಸಿದೆ. ಬಾಗಿಲು ಹಾಕಿದವರೂ ಇದ್ದರು. ನಾಲ್ಕನೆಯ ದಿನ ಸದಸ್ಯರು ಸೇರಿ ಸಿದ್ರಾಮನನ್ನು ವಾಪಸು ಕರೆಸಬೇಕೆಂದು ಪಟ್ಟು ಹಿಡಿದರು. ಕಟ್ಟಿ ಸರ್ ಫೋನ್ ಮಾಡಿ, ನೀವೇ ಹೋಗಿ ಕರೆದು ತನ್ನಿ ಅಂದರು.

ಭಾಂಡುಪಿನ ಗುಡ್ಡ ಹತ್ತಿದೆ. ಸಿದ್ರಾಮ ಹೊಸ್ತಿಲಲ್ಲಿ ಕೂತಿದ್ದ, ಒಳಗೆ ಬಾ ಅನ್ನಲಿಲ್ಲ. ಹೇಳುವುದನ್ನೆಲ್ಲ ಕೇಳಿ, ಬರುತ್ತೇನೆ, ಆದರೆ ಒಂದು ಷರತ್ತು ಇದೆ ಅಂದ. ಭಾನುವಾರ ಬೆಳಿಗ್ಗೆ ಕಮಿಟಿಯವರೆಲ್ಲ ಮೀಟರ್ ರೂಮಿಗೆ ಬರಬೇಕು, ನೀವೂ ಬರಬೇಕು. ಇಷ್ಟು ವರ್ಷ ನೀನು ಅನ್ನುತ್ತಿದ್ದವನು ಅವತ್ತು ನನಗೆ ನೀವು ಅಂದ.

ಭಾನುವಾರ ಮೀಟರ್ ರೂಮಿನ ಬಾಗಿಲಲ್ಲಿ ಹತ್ತು ಹನ್ನೆರಡು ಜನ ನಿಂತಿದ್ದರು, ಕಟ್ಟಿ ಸರ್ ಮುಂದೆ, ಶ್ರುತಿ ಹಿಂದೆ. ಸಿದ್ರಾಮ ವೋಲ್ಟೇಜ್ ಅಳೆಯುವ ತನ್ನ ಮಲ್ಟಿಮೀಟರನ್ನು ನನ್ನ ಕೈಗೆ ಕೊಟ್ಟ. ಅದರ ಎರಡು ಕಡ್ಡಿಗಳನ್ನು ತಾನು ಹಿಡಿದ.

"ನಾ ಹಚ್ಚತೀನಿ, ನೀವ ಓದ್ರಿ," ಅಂದ. "ಎಲ್ಲಾರಿಗೂ ಕೇಳೂ ಹಂಗ ಓದ್ರಿ."

ಮೊದಲ ಫ್ಲ್ಯಾಟಿನ ಲೈನಿಗೆ ಕಡ್ಡಿ ಹಚ್ಚಿದ. ಇನ್ನೂರ ಮೂವತ್ತೊಂದು ಎಂದು ಓದಿದೆ. ಎರಡನೆಯದು, ಇನ್ನೂರ ಮೂವತ್ತು. ಒಳಗೆ ಸೆಕೆ, ಬೆವರು ಕಣ್ಣಿಗೆ ಇಳಿಯುತ್ತಿತ್ತು. ಪಿಸುಗುಟ್ಟುತ್ತಿದ್ದವರು ಹತ್ತನೆಯ ಫ್ಲ್ಯಾಟಿನ ಹೊತ್ತಿಗೆ ತಾವೂ ಮೀಟರಿನ ಕಡೆ ಬಗ್ಗಿ ನೋಡತೊಡಗಿದರು. ನನ್ನ ದನಿ ಇಳಿದರೆ ಸಿದ್ರಾಮ ಕಡ್ಡಿ ತೆಗೆಯದೆ ಕಾಯುತ್ತಿದ್ದ, ಮತ್ತೆ ಜೋರಾಗಿ ಹೇಳುವ ತನಕ. ಬಾಳೆಲ್ಲ ವೋಲ್ಟೇಜ್ ಎಂದು ಸುಳ್ಳು ಹೇಳಿದ ಬಾಯಲ್ಲಿ ಇಪ್ಪತ್ತೆಂಟು ಸಲ ನಿಜವಾದ ವೋಲ್ಟೇಜನ್ನು ಹೇಳಿಸಿದ. ಕೊನೆಯದು ಕಟ್ಟಿ ಸರ್ ಮನೆಯದು.

"ಇನ್ನೂರ ಮೂವತ್ತು," ಅಂದೆ.

"ಇನ್ನೊಮ್ಮೆ ಅನ್ರಿ."

ಇನ್ನೊಮ್ಮೆ ಅಂದೆ. ಕಟ್ಟಿ ಸರ್ ನೆಲ ನೋಡುತ್ತ, ನಾಳೆಯಿಂದ ಬಾರಪ್ಪ ಅಂದರು. ಸಿದ್ರಾಮ ಹೂಂ ಅಂದ. ಜನ ಚದುರಿದರು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

"ಮೂರ ವಾರ ನಾ ನನ್ನ ಕೈ ನಂಬಲಿಲ್ರಿ," ಅಂದ ಅವನು. "ಅದನ್ನ ಯಾವ ಮೀಟರಿನ್ಯಾಗ ಓದತೀರಿ?"

ನನ್ನ ಕೈಯಿಂದ ಮೀಟರ್ ತೆಗೆದುಕೊಂಡು, ವೈರು ಸುತ್ತಿ ಚೀಲಕ್ಕೆ ಹಾಕಿದ. ಮೂರನೆಯ ಮಹಡಿಯ ಮೆಟ್ಟಿಲಿನ ದೀಪ ಹತ್ತುತ್ತಿಲ್ಲ ಎಂದು ಬರುವಾಗಲೇ ಯಾರೋ ಹೇಳಿದ್ದರಂತೆ. ನಾಳೆಯ ತನಕ ಕಾಯದೆ ಅದನ್ನು ನೋಡಲು ಹತ್ತಿ ಹೋದ.